ಎರಡು ಬೆರಳು ಕೆಳಗೆ

ಬೆಟಗೇರಿಯ ಹಳೆಯ ಜಿನ್ನಿಂಗ್ ಗೋಡೌನು.
ಅರಳೆ ಹೋಗಿ ಹದಿನಾಲ್ಕು ವರ್ಷ,
ತೊಲೆಗಳ ಮೇಲೆ ಇನ್ನೂ ಅದರ ಬಿಳಿ ಧೂಳು.
ಈ ಗೋಡೆಯಿಂದ ಆ ಗೋಡೆಗೆ ನಲವತ್ತು ಗಜ.
ತುಳಜಾಸಾ ಕಾಕಾ ಸುಣ್ಣದ ಗೆರೆ ಹಾಕಿ ಅಳೆದಿದ್ದಾರೆ,
ಮಗ್ಗಕ್ಕೆ ಹಾಸು ಅಳೆಯುತ್ತಿದ್ದ ಅದೇ ಟೇಪಿನಿಂದ.

ನಾನು ಬ್ಯಾಂಕಿನ ಕ್ಯಾಶಿಯರು.
ಸಂಜೆಗೆ ಒಂದು ರೂಪಾಯಿ ತಾಳೆಯಾಗದಿದ್ದರೆ
ಕುರ್ಚಿ ಬಿಟ್ಟು ಏಳಲಾಗದವಳು.
ಮೊದಲ ಛರ್ರಾ ಕೆಳಗೆ, ಎಡಕ್ಕೆ ಬಿತ್ತು.
ಕೂಡಲೇ ದುರ್ಬೀನಿನ ತಿರುಪು ತಿರುವಿದೆ: ಟಿಕ್ ಟಿಕ್ ಟಿಕ್.
ಎರಡನೆಯದು ಮೇಲೆ. ಮತ್ತೆ ತಿರುವಿದೆ.
ಮೂರನೆಯದು ಬಲಕ್ಕೆ, ಹಾಳೆಯ ಅಂಚಿಗೆ.
ಮತ್ತೆ.

"ಏ ಇಂದೂ, ಕೈ ತಗಿ ಅದರ ಮ್ಯಾಲಿಂದ.
ಒಂದ ಛರ್ರಾದ ಮಾತ ನಂಬಬ್ಯಾಡ.
ಐದ ಹೊಡಿ. ಐದರ ನಡು ಎಲ್ಲಿ ಐತಿ ನೋಡು.
ಆಮ್ಯಾಲ ತಿರುವಾಕಂತಿ."

ಐದು ಹೊಡೆದೆ,
ಭುಜಕ್ಕೆ ಒತ್ತಿ, ಹಲ್ಲು ಕಚ್ಚಿ, ಬಿಗಿಯಾಗಿ ಹಿಡಿದು.
ಐದೂ ಐದು ಊರಿಗೆ ಹೋದವು.

"ಸ್ಪ್ರಿಂಗಿನ ಬಂದೂಕು ಇದು, ಎರಡ ಸಲ ಒದೀತೈತಿ,
ಹಿಂದಕ್ಕೊಮ್ಮೆ, ಮುಂದಕ್ಕೊಮ್ಮೆ.
ಅಮುಕಿ ಹಿಡದರ ಜಗಳಕ್ಕ ಬರತೈತಿ.
ಅಂಗೈ ಮ್ಯಾಲ ಬಿಸಿ ರೊಟ್ಟಿ ಇಟ್ಕೊಂಡಂಗ ಇಟ್ಕೊ.
ಕುಣೀಲಿ ಬಿಡು. ಪ್ರತಿ ಸಲ ಒಂದ ನಮೂನಿ ಕುಣೀಬೇಕು, ಅಷ್ಟ."

ಬಿಟ್ಟೆ.
ಉಸಿರು ಅರ್ಧ ಹೋಗಿ ನಿಂತಲ್ಲಿ ಬೆರಳು ತಾನಾಗಿ ಮಡಿಯಿತು.
ಈಗ ಐದೂ ಒಂದು ಎಂಟಾಣೆಯಡಿ ಅಡಗುವಷ್ಟು ಹತ್ತಿರ,
ಕಪ್ಪು ಚುಕ್ಕೆಗಿಂತ ಮಾತ್ರ ಎರಡು ಇಂಚು ಕೆಳಗೆ.
ತಪ್ಪೇ. ಆದರೆ ಒಂದೆಡೆ ಕೂತ ತಪ್ಪಿಗೆ
ಲೆಕ್ಕ ಸಿಗುತ್ತದೆ:
ತಿರುಪಿನ ಮೇಲೆ ಬರೆದ ಕಾಲು ಇಂಚು ನೂರು ಗಜದ್ದು,
ಇಪ್ಪತ್ತೈದಕ್ಕೆ ಅದರಲ್ಲಿ ಕಾಲು ಪಾಲು,
ಎರಡು ಇಂಚಿಗೆ ಮೂವತ್ತೆರಡು ಟಿಕ್.
ನೋಟಿನ ಕಟ್ಟಿನಂತೆ ಎಣಿಸಿದೆ.
ಚುಕ್ಕೆ ಹರಿಯಿತು.

ಹಿಗ್ಗಿನಲ್ಲಿ ಆರು ಗಜದ ಹಲಗೆಗೂ ಒಂದು ಹೊಡೆದೆ.
ಬೆರಳಷ್ಟು ಕೆಳಗೆ!
ಕೈ ತಿರುಪಿಗೆ ಹೋಯಿತು. ಕಾಕಾ ಕೆಮ್ಮಿದರು.
ಕೈ ವಾಪಸು ಬಂತು.

ಅವರು ಮಾತಾಡದೆ ನೂಲಿನ ಉಂಡೆ ತಂದು
ಗೋಡೆಯುದ್ದಕ್ಕೂ ಬಿಗಿದು ಕಟ್ಟಿದರು: ಇದು ಕಣ್ಣು.
ಅದರ ಎರಡು ಬೆರಳು ಕೆಳಗಿಂದ ಇದ್ದಿಲು ಹಿಡಿದು
ಮೆಲ್ಲಗೆ ಏರಿಸಿ ನಡೆದರು: ಇದು ಛರ್ರಾ.
ಹದಿನೆಂಟನೆಯ ಗಜಕ್ಕೆ ಇದ್ದಿಲು ನೂಲನ್ನು ಮುಟ್ಟಿತು,
ಒಂದೆಳೆಯಷ್ಟು ಮೇಲೆ ಹೋಗಿ
ಇಪ್ಪತ್ತೈದಕ್ಕೆ ಮತ್ತೆ ಮುಟ್ಟಿ
ಇಳಿಯುತ್ತ ಇಳಿಯುತ್ತ
ಕೊನೆಯ ಗೋಡೆಯಲ್ಲಿ ಎರಡು ಬೆರಳು ಕೆಳಗೆ ನಿಂತಿತು.

ನೋಟಕ್ಕೆ ತೂಕವಿಲ್ಲ, ನೆಟ್ಟಗೆ ಹೋಗುತ್ತದೆ.
ಇದಕ್ಕೆ ಡಮರುವಿನ ಸೊಂಟ, ಸೀಸದ ಮೈ;
ನಳಿಗೆ ಬಿಟ್ಟ ಗಳಿಗೆಯಿಂದ ಬೀಳುತ್ತಲೇ ಇರುತ್ತದೆ,
ಏರುತ್ತಿರುವಾಗಲೂ.

"ಗಾಳಿ, ಕಾಕಾ?"
ಅವರು ಬಾಗಿಲಾಚೆ ನೋಡಿದರು. ಕಪ್ಪತಗುಡ್ಡದ ದಿಕ್ಕಿನಲ್ಲಿ
ಗಾಳಿಯಂತ್ರಗಳ ರೆಕ್ಕೆ ಭರ್ಜರಿ ತಿರುಗುತ್ತಿದ್ದವು.
"ಅದು ಮುಂದಿನ ಐತವಾರ" ಅಂದು
ಪೊರೆ ತೆಗೆಸಿದ ಕಣ್ಣಿಂದ ತಾವೂ ಒಂದು ಹೊಡೆದರು.
ಢಣ್! ತಗಡಿನ ಬಾಗಿಲು. ಪಾರಿವಾಳಗಳೆಲ್ಲ ಎದ್ದವು.
ಬಂದೂಕನ್ನೇ ಒಮ್ಮೆ ದಿಟ್ಟಿಸಿ ನೋಡಿ
ಗಿರಮಿಟ್ ತರಲು ಹೊರಟರು.

ಸೋಮವಾರ. ಕೌಂಟರಿನಲ್ಲಿ ಪಿಂಚಣಿಯ ಹಿರಿಯರೊಬ್ಬರು,
ಸಹಿ ಕಂಪ್ಯೂಟರಿನ ಸಹಿಯಂತಿಲ್ಲ.
ಹಿಂದಿನ ವಾರವಾಗಿದ್ದರೆ ಚೀಟಿ ಮರಳಿಸುತ್ತಿದ್ದೆ.
ಬಿಳಿ ಹಾಳೆ ಮುಂದಿಟ್ಟೆ:
"ಐದ ಸಲ ಹಾಕ್ರಿ ಅಜ್ಜಾರ."
ಅವರು ಹಾಕತೊಡಗಿದರು, ಉಗುರು ಬಿಳಿಚುವಂತೆ ಒತ್ತಿ.
ಸಾಲಿನಲ್ಲಿ ಯಾರೋ ಗೊಣಗಿದರು.
"ಪೆನ್ನ ಅಷ್ಟ ಬಿಗಿ ಹಿಡೀಬ್ಯಾಡ್ರಿ" ಅಂದೆ.