ಹಾಳೆಯ ಹಿಂಬದಿ

ರಕ್ತಪರೀಕ್ಷೆಯ ಹಾಳೆಯ ಹಿಂಬದಿಯಲ್ಲಿ
ಮೊದಲು ಬರೆದದ್ದು: ಬಂಡೀಪುರ.
ಅಡಿಯಲ್ಲಿ ಎರಡು ಗೆರೆ, ತಸ್ಮಿಯಾ ಎಳೆದದ್ದು.
ಒಂದು ಹುಮ್ಮಸ್ಸಿಗೆ,
ಇನ್ನೊಂದು ಪೆನ್ನು ಮೊದಲ ಸಲ ಮೂಡದ್ದಕ್ಕೆ.

ಲ್ಯಾಬಿನ ಯಂತ್ರ ಗಿರ್ರನೆ ತಿರುಗಿ
ಸೀಸೆಗಳಲ್ಲಿ ಕೆಂಪು ಬೇರೆ, ಹಳದಿ ಬೇರೆ ಆಗುವ
ಹತ್ತು ನಿಮಿಷ ನಮ್ಮದು.
ಅಂಥ ಹತ್ತು ಹತ್ತು ನಿಮಿಷಗಳಲ್ಲೇ
ಎರಡು ವಾರದಿಂದ ಕಾಡು ಕಟ್ಟುತ್ತಿದ್ದೇವೆ.

ಮೂರು ಸೈಕಲ್ಲು. ಒಂದು ನನ್ನದು.
ಒಂದು ತಸ್ಮಿಯಾಳ ತಮ್ಮನದು, ಗೇರು ಮೂರರಲ್ಲೇ ಸಿಕ್ಕಿಕೊಂಡದ್ದು.
ಮತ್ತೊಂದು ಓಬಳಕ್ಕನದು.
ನಲವತ್ತೊಂಬತ್ತಕ್ಕೆ ಅಮಾನಿಕೆರೆ ಏರಿಯ ಮೇಲೆ ಕಲಿತವಳು,
ಬಲಕ್ಕೆ ಮಾತ್ರ ತಿರುಗಿಸಬಲ್ಲಳು.
"ಎಡಕ್ಕೆ ಬೇಕಾದ್ರೆ ಮೂರು ಸಲ ಬಲಕ್ಕೆ ತಿರುಗ್ತೀನಿ,
ನಿಮಗೇನು?"

ಬಂಡೀಪುರಕ್ಕೆ ಫೋನು ಮಾಡಿದವಳೂ ಅವಳೇ.
ಆ ಕಡೆಯ ದನಿ ಸ್ವಲ್ಪ ಹೊತ್ತು ಸುಮ್ಮನಿದ್ದು
"ಸೈಕಲ್ಲಾ? ಕಾಡೊಳಗಾ? ಅಮ್ಮಾ,
ಹುಲಿಗೆ ಅದೇನು ಅಂತ ಗೊತ್ತಾಗೋದಿಲ್ಲ" ಎಂದಿತು.
ಓಬಳಕ್ಕ ಫೋನಿಟ್ಟು ನಮಗೆ ಹೇಳಿದ್ದು ಇಷ್ಟೇ:
"ಹುಲಿಗೆ ತಿಳುವಳಿಕೆ ಇಲ್ಲವಂತೆ."

ಹೆಸರು ಹೊಡೆದುಹಾಕಿ, ಗೆರೆಗಳನ್ನು ಹಾಗೇ ಬಿಟ್ಟು
ಪಕ್ಕದಲ್ಲಿ ಬರೆದೆವು: ದೇವರಾಯನದುರ್ಗ.
ಕ್ಯಾತ್ಸಂದ್ರದಿಂದ ಬರುವ ಬಸ್ಸಿನ ಕಿಟಕಿಗೆ
ದಿನಾ ಒಂದು ಗಳಿಗೆ ಅಂಟಿಕೊಳ್ಳುವ ಬೆಟ್ಟ,
ಹದಿನಾರು ವರ್ಷದಿಂದ ಮಾತಾಡಿಸದ ನೆರೆಯವರ ಹಾಗೆ.
ಬೆಳಗುಂಬ ದಾಟಿ, ನಾಮದ ಚಿಲುಮೆಯಲ್ಲಿ ಮುಖ ತೊಳೆದು,
ಏರು ಶುರುವಾದಲ್ಲಿ ಇಳಿದು ತಳ್ಳುವುದು.
ತಳ್ಳಿದ್ದನ್ನು ಯಾರಿಗೂ ಹೇಳಬಾರದು.
ರಾತ್ರಿಗೆ ಮೇಲೆ ಒಂದು ಕೋಣೆ, ಮೂರು ಚಾಪೆ.
ಪಂಕ್ಚರಿನ ಡಬ್ಬಿ. ಹುರಿಗಡಲೆ.
ಚಟ್ನಿಪುಡಿ ಸವರಿ ಸುತ್ತಿದ ಚಪಾತಿ.
ಮಂಡಿಗೆ ಮುಲಾಮು, ದೊಡ್ಡದು.

ಮಂಗಳವಾರ, ಟೋಕನ್ ಅರವತ್ತೆರಡು.
ಖಾಕಿ ಅಂಗಿಯ ತೋಳು ಮಡಿಸಿ ಕೂತವರು ಈರಕ್ಯಾತಯ್ಯ,
ಮೂವತ್ತೊಂದು ವರ್ಷ ಅದೇ ಕಾಡಿನ ವಾಚರು.
ಸೂಜಿಯ ಕಡೆ ನೋಡಲಾರದೆ ನಮ್ಮ ಹಾಳೆ ನೋಡಿದರು.
"ಆರಕ್ಕೆ ಮುಂಚೆ ಒಳಗೆ ಬೇಡಿ ತಾಯಿ,
ಕರಡಿ ಮನೆಗೆ ಹೋಗೋ ಹೊತ್ತು.
ತಿರುವಲ್ಲಿ ಗಂಟೆ ಹೊಡೀರಿ.
ಇಳಿಜಾರಲ್ಲಿ ಮುಂದಿನ ಬ್ರೇಕು ಒಂದೇ ಹಿಡಿದ್ರೋ,
ನೀವೊಂದು ಕಡೆ, ಸೈಕಲ್ಲೊಂದು ಕಡೆ.
ಕಾರೆಹಣ್ಣು ಸಿಕ್ಕಿದ್ರೆ ಎಲ್ಲಾ ಕೀಳಬೇಡಿ."
ಅಷ್ಟು ಹೊತ್ತೂ ಅವರ ರಕ್ತ ಸೀಸೆಗೆ ಇಳಿಯುತ್ತಿತ್ತು,
ನಿಧಾನ, ಬೇಸಿಗೆಯ ಚಿಲುಮೆಯ ಹಾಗೆ.

ಸಂಜೆ ರಿಪೋರ್ಟಿನಲ್ಲಿ ಸಕ್ಕರೆ ಮುನ್ನೂರು ದಾಟಿತ್ತು.
ಅವರು ಅದನ್ನು ಓದಲಿಲ್ಲ, ಮಡಿಸಿ ಜೇಬಿಗಿಟ್ಟರು.
ಚಪ್ಪಲಿ ಬಿಚ್ಚಿ ಪಾದ ತೋರಿಸಿದರು.
"ಮುಳ್ಳು ಚುಚ್ಚಿದ್ದು ಈಗ ಕಲೆ ನೋಡಿದ ಮೇಲೇ ತಿಳಿಯೋದು.
ಕಾಲಿಗೆ ನೆಲ ಸಿಗ್ತಿಲ್ಲ.
ಗೇಟಿನ ಹತ್ರ ಕುರ್ಚಿ ಹಾಕಿ ಕೂರಿಸಿದಾರೆ."
ಬಾಗಿಲವರೆಗೆ ಹೋದವರು ತಿರುಗಿ ಬಂದರು.
"ಮೂರನೇ ತಿರುವು ಆದಮೇಲೆ, ಬಂಡೆಗೆ ಒರಗಿದ ಬಿಕ್ಕೆ ಮರ.
ಹೋದ ವರ್ಷದ ಬೆಂಕೀಲಿ ಅರ್ಧ ಸುಟ್ಟಿತ್ತು.
ಚಿಗುರಿದೆಯಾ, ನೋಡ್ಕೊಂಡು ಬನ್ನಿ."

ಹುರಿಗಡಲೆಯ ಕೆಳಗೆ, ಮುಲಾಮಿನ ಮೇಲೆ
ಇದ್ದ ಇಷ್ಟೇ ಜಾಗದಲ್ಲಿ ತುರುಕಿ ಬರೆದೆ: ಬಿಕ್ಕೆ ಮರ.
ತಸ್ಮಿಯಾ ಗೆರೆ ಎಳೆಯಲಿಲ್ಲ.

ಈಗ ಶುಕ್ರವಾರ, ಹನ್ನೊಂದು ಹೊಡೆದಿದೆ.
ನಡುಮನೆಯಲ್ಲಿ ಸೈಕಲ್ಲು ತಲೆಕೆಳಗಾಗಿ ನಿಂತಿದೆ.
ಚೈನಿಗೆ ಎಣ್ಣೆ ಬಿಟ್ಟು ಪೆಡಲು ತಿರುಗಿಸಿದರೆ
ಹಿಂದಿನ ಚಕ್ರ ಓಡುತ್ತದೆ, ಎಲ್ಲಿಗೂ ಹೋಗದೆ,
ಗೋಡೆಯ ತುಂಬ ಕಡ್ಡಿಗಳ ನೆರಳು ಚೆಲ್ಲಿ.
ಓಬಳಕ್ಕನ ಫೋನು:
"ದುರ್ಗದವರೆಗೆ ಎಡ ತಿರುವು ಎಷ್ಟೇ?"
ಎಣಿಸಿಲ್ಲ ಎಂದೆ. ಮಲಗು ಎಂದೆ.

ಹೆಬ್ಬೆರಳಲ್ಲಿ ಟೈರು ಒತ್ತಿ ನೋಡುತ್ತೇನೆ,
ದೀಪ ಆರಿಸಿ ಬರಿಗಾಲಲ್ಲಿ ಒಳಗೆ ಹೋಗುತ್ತೇನೆ.
ತಣ್ಣನೆಯ ನೆಲ, ಚೆಲ್ಲಿದ ಎಣ್ಣೆಯ ಜಿಡ್ಡು,
ಹೊಸಿಲ ಬಳಿ ಒಂದು ಮರಳಿನ ಕಣ.
ಒಂದೊಂದೂ ಗೊತ್ತಾಗುತ್ತದೆ.