ಎಣ್ಣೆ ದೀಪ

ಮನೆಯ ದೀಪ ಎಣ್ಣೆಯಿದ್ದರೆ ಉರಿಯುತ್ತದೆ.
ಈ ಕಾರಿನದು, ಎಣ್ಣೆಯ ಒತ್ತಡ ಇಳಿದರೆ ಮಾತ್ರ.
ಅದೂ ಹಸಿರು.
ಹೋಗು ಎನ್ನುವ ಬಣ್ಣದಲ್ಲಿ ನಿಲ್ಲು ಎನ್ನುವ ಬುದ್ಧಿ
ಯಾವ ಜರ್ಮನಿಯವನಿಗೆ ಹೊಳೆಯಿತೋ.

ಏಪ್ರಿಲ್ ಹದಿನೇಳು, ಮಧ್ಯಾಹ್ನ ಎರಡು.
ಮಾನ್ವಿಯಿಂದ ಒಂದೇ ಉಸಿರಿಗೆ ಬಂದು
ರಾಯಚೂರಿನ ಗಂಜ್ ಸರ್ಕಲ್ಲಿನಲ್ಲಿ ನಿಂತೆ.
ನಲವತ್ಮೂರು ಡಿಗ್ರಿ. ಎದುರಿಗೊಂದು ಹತ್ತಿ ಲಾರಿ ಅಡ್ಡ.
ಹಸಿರು ಕಣ್ಣು ಮಿಟುಕಿಸಿತು.
ಎಕ್ಸಲೇಟರ್ ಒತ್ತಿದೆ, ಆರಿತು.
ಬಿಟ್ಟೆ, ಹತ್ತಿತು.

ಹುಸೇನಪ್ಪ ಎಂಜಿನ್ನಿನ ಮುಂದೆ,
ಅಂದರೆ ಕಾರಿನ ಹಿಂದೆ, ಕುಕ್ಕರಗಾಲಲ್ಲಿ ಕೂತ.
"ಇದಕ್ಕ ರೇಡಿಯೇಟರ್ ಇಲ್ಲ ಯಕ್ಕ, ನೀರು ಕೇಳಂಗಿಲ್ಲ.
ಗಾಳಿ ಮತ್ತ ಎಣ್ಣಿ, ಇವೆರಡರ ಮ್ಯಾಲೆ ಸಂಸಾರ.
ಗಾಳಿ ಕಮ್ಮಿ ಆದ್ರ ಎಣ್ಣಿ ಕಾಯ್ತದ,
ಕಾದು ನೀರಾದ್ರ ಬೇರಿಂಗಿನಾಗ ನಿಲ್ಲಂಗಿಲ್ಲ."

ಐವತ್ತರ ದಪ್ಪ ಎಣ್ಣೆ ಹಾಕಿಬಿಡು, ಅಂದೆ.
"ದೀಪ ಆರ್ತದ. ಜ್ವರ ಇಳಿಯಂಗಿಲ್ಲ."
ಬೆಳಿಗ್ಗೆ ದಪ್ಪ ಎಣ್ಣೆ ಕೂಲರಿನ ಸಣ್ಣ ಓಣಿಗೆ ಹೋಗಲೊಲ್ಲದೆ
ವಾಲ್ವನ್ನು ತಳ್ಳಿ ಅಡ್ಡದಾರಿ ಹಿಡಿಯುತ್ತದಂತೆ,
ಶಾಲೆ ತಪ್ಪಿಸಿದ ಹುಡುಗನ ಹಾಗೆ.

ಆ ವಾಲ್ವನ್ನೂ ಬಿಚ್ಚಿದ.
ಬೆರಳುದ್ದದ ಪ್ಲಂಜರು, ಮೈಮೇಲೆ ಒಂದು ಗೀರು.
ಪಾಲಿಶ್ ಪೇಪರಿನಿಂದ ತಿಕ್ಕಿ, ತಿಕ್ಕಿ,
ಸ್ಪ್ರಿಂಗನ್ನು ಕಿರುಬೆರಳಿಗೆ ಹಿಡಿದು ಅಳೆದ.
ನಾನು ಮಿಲ್ಲಿನಲ್ಲಿ ಎಳೆ ಅಳೆಯುವುದೂ ಹೀಗೇ:
ಹೆಬ್ಬೆರಳ ಉಗುರಿನ ಮೇಲೆ, ಇಪ್ಪತ್ತೊಂಬತ್ತು ಮಿಲಿಮೀಟರು,
ಎ ಗ್ರೇಡು. ಸ್ಕೇಲು ತೋರಿಸಿ ಸೋತವರುಂಟು.

ಕಲ್ಮಲಾ ತನಕ ಓಡಿಸಿ ನೋಡಿದೆವು.
ಹತ್ತಿತು.

ಮೂರನೇ ದಿನ ಫ್ಯಾನಿನ ತಗಡಿನ ಗೂಡನ್ನೇ ಎತ್ತಿದ.
ಕೂಲರಿನ ರೆಕ್ಕೆಗಳ ನಡುವೆ, ಬೆಳಕು ತೂರಬೇಕಾದಲ್ಲಿ,
ಹತ್ತಿ.
ನಮ್ಮದೇ.
ಹನ್ನೆರಡು ಸೀಸನ್ನು ಜಿನ್ನಿಂಗ್ ಅಂಗಳದ ಬೇವಿನ ಕೆಳಗೆ ನಿಲ್ಲಿಸಿ
ಕೀಲಿ ತಿರುಗಿಸಿದಾಗಲೆಲ್ಲ
ಹಾರುವ ಎಳೆಗಳನ್ನು ಒಳಗೆಳೆದುಕೊಂಡು
ಮೆತ್ತಿ ಮೆತ್ತಿ ಕೌದಿ ಹೊಲಿದಿತ್ತು ಫ್ಯಾನು.
ಬುಡದ ಸೀಲು ಸೋರಿ ಆ ಕೌದಿ ಎಣ್ಣೆ ಕುಡಿದಿತ್ತು.
ನನ್ನ ಹೆಬ್ಬೆರಳು ತಾನಾಗಿಯೇ ಒಂದೆಳೆ ಎಳೆದು ನೋಡಿತು.
ಇಪ್ಪತ್ತಾರು. ಕಸ ಜಾಸ್ತಿ. ಬಿ ಗ್ರೇಡೂ ಕೊಡುತ್ತಿರಲಿಲ್ಲ.

ಬೀಡಿ ಹಚ್ಚಲು ಕಡ್ಡಿ ತೆಗೆದಿದ್ದ ಹುಸೇನಪ್ಪ
ಕೌದಿಯನ್ನೊಮ್ಮೆ, ಕಡ್ಡಿಯನ್ನೊಮ್ಮೆ ನೋಡಿ
ಪೆಟ್ಟಿಗೆಯನ್ನು ಜೇಬಿಗೆ ಹಾಕಿಕೊಂಡ.

ಮೂರನೇ ಸಿಲಿಂಡರಿನ ತಲೆ ಕಂದಿತ್ತು.
ಕೂಲರು ನಿಂತಿರುವುದು ಅದರ ಎದುರಿಗೇ,
ಕೂಲರು ಉಂಡು ಬಿಟ್ಟ ಗಾಳಿಯೇ ಅದರ ಪಾಲು.
ನಾವು ಐವರು, ನಾನು ಮೂರನೆಯವಳು,
ಅಕ್ಕಂದಿರ ಪುಸ್ತಕ, ಅಕ್ಕಂದಿರ ಲಂಗ.
ಇದನ್ನು ಹುಸೇನಪ್ಪನಿಗೆ ಹೇಳಲಿಲ್ಲ.
ಸೀಮೆ ಎಣ್ಣೆಯಲ್ಲಿ ಬ್ರಶ್ಶು ಅದ್ದಿ ಕೊಟ್ಟೆ.

ಸೀಲು ಹೊಸದು, ಎಣ್ಣೆ ಹೊಸದು, ನಂಬರು ಹಳೆಯದೇ.
"ಗೇಜು ಕೂರಿಸಲೇನು? ಮುಳ್ಳು ನೋಡಿ ತಿಳ್ಕೋಬಹುದು."
ಬೇಡವೆಂದೆ. ಯಾಕೆಂದು ಕೇಳಲಿಲ್ಲ ಅವನು,
ಕೇಳಿದ್ದರೆ ನನಗೂ ಗೊತ್ತಿರಲಿಲ್ಲ.

ಈಗ ಕಾರು ನಿಲ್ಲುವುದು ಗೇಟಿನ ಹೊರಗೆ, ಬಿಸಿಲಲ್ಲೇ.
ಕೀಲಿ ತಿರುಗಿಸಿದರೆ ಮೊದಲು ಹಸಿರು ಹತ್ತುತ್ತದೆ,
ಎಂಜಿನ್ನು ದನಿಗೂಡಿದ ಮೇಲೆ ಆರುತ್ತದೆ.
ದೀಪ ಆರಿದ ಗಳಿಗೆಯಲ್ಲಿ ಹೊರಡಬಾರದು ಅಂತಿದ್ದಳು ಅವ್ವ.
ನಾನು ಅದು ಆರಲೆಂದೇ ಕಾಯುತ್ತೇನೆ,
ಆಮೇಲೆ ಗೇರು ಹಾಕುತ್ತೇನೆ.