ಗಿಡಕ್ಕೂ ವೈಂಡಿಂಗು

ಗಂಗಾವತಿಯ ರೈಸ್‌ಮಿಲ್ಲಿನ ಹಿಂಗೋಡೆ ಬಿರುಕಿನಿಂದ
ಕಿತ್ತು ತಂದ ಬಸರಿ ಸಸಿ, ಕಿರುಬೆರಳ ದಪ್ಪ.
ಸುಟ್ಟ ಮೋಟಾರು ಬಿಚ್ಚಿದಾಗ ಉಳಿದ ತಾಮ್ರದ ತಂತಿ
ಬುಡದಿಂದ ಓರೆಯಾಗಿ ಸುತ್ತಿದೆ.
"ಏನಪಾ ಹುಸೇನಪ್ಪ, ಗಿಡಕ್ಕೂ ವೈಂಡಿಂಗಾ?"
ಚಹಾದ ಹುಡುಗ ನಕ್ಕ.

ಎರಡೂ ಹೆಬ್ಬೆರಳು ಒಳಗೊತ್ತಿ, ಉಸಿರು ಹಿಡಿದು
ಬಗ್ಗಿಸಿದೆ.
ಒಳಗೆಲ್ಲೋ ಚಿಟ್ ಎಂದಿತು.
ಮುರಿದದ್ದೋ, ಒಪ್ಪಿದ್ದೋ?
ಒಂದು ಹನಿ ಹಾಲು ಬಂತು, ಅಷ್ಟೆ.

ಆಮೇಲೆ ಭತ್ತದ ಸುಗ್ಗಿ.
ಹಗಲೂ ರಾತ್ರಿ ಮಿಲ್ಲು, ದಿನಕ್ಕೊಂದು ಮೋಟಾರು
ಸುಟ್ಟ ವಾರ್ನಿಶಿನ ವಾಸನೆ ಹೊತ್ತು ಅಂಗಡಿಗೆ ಬರುವುದು.
ಮರೆತೆ.

ನೆನಪಾದಾಗ
ತೊಗಟೆ ತಂತಿಯನ್ನು ನುಂಗತೊಡಗಿತ್ತು.
ಸುರುಳಿ ಬಿಚ್ಚಹೋದರೆ ಚರ್ಮವೇ ಎದ್ದು ಬರುತ್ತದೆ;
ಕಟರು ಹಿಡಿದು ಸುತ್ತಿಗೊಂದು ತುಂಡು ಕತ್ತರಿಸಿದೆ,
ನಿದ್ದೆಹೋದ ಮಗಳ ಓಲೆ ಬಿಚ್ಚುವಷ್ಟು ಮೆಲ್ಲಗೆ.

ಕಾಂಡ ನೆಟ್ಟಗಾಗಲಿಲ್ಲ.
ಯಾರೋ ಕರೆದರೆಂದು ಹೊರಳಿದ ಕತ್ತಿನ ಹಾಗೆ
ಹೊರಳಿಯೇ ನಿಂತಿತು, ಮೈತುಂಬ ತಂತಿಯ ಬರೆ.

ನೆಲದ ಮೇಲೆ ತಾಮ್ರದ ಚೂರುಗಳು,
ಒಂದೊಂದೂ ಅರ್ಧ ಬಳೆ,
ಈಗಿಲ್ಲದ ಆ ಸಣ್ಣ ಸಸಿಯನ್ನು
ಇನ್ನೂ ತಬ್ಬಿಕೊಂಡೇ ಇದ್ದವು.

ಗುಜರಿಯವ ತೂಗಿದ:
ನಲವತ್ತು ಗ್ರಾಂ.